ಬೆಲ್ಲವಿಲ್ಲದ ಬಿಲ್ಲೆಗಳು

ಆ ನಾಯಿ ನನ್ನದಾಗಿರಲಿಲ್ಲ. ಇದನ್ನು ಮೊದಲೇ ಬರೆದುಬಿಡುವುದು ಒಳ್ಳೆಯದು. ಏಕೆಂದರೆ ಹನಕೆರೆಯಲ್ಲಿ ನನ್ನನ್ನು ಬಲ್ಲವರೆಲ್ಲರೂ ಅದನ್ನು ‘ಅಳ್ತೆ ಸಾಮಿ ನಾಯಿ’ ಎಂದೇ ಕರೆಯುತ್ತಿದ್ದರು, ನಾನೂ ಅವರನ್ನು ತಿದ್ದುವುದನ್ನು ಕ್ರಮೇಣ ಬಿಟ್ಟಿದ್ದೆ. ‘ಅಳ್ತೆ ಸಾಮಿ’ ಎಂದರೆ ನಾನು. ಕಬ್ಬಿನ ಜಲ್ಲೆಯ ಉದ್ದ, ಸುತ್ತು, ಗೆಣ್ಣುಗಳ ಅಂತರ, ಕೊನೆಗೆ ಅದರ ಹಾಲಿನ ಸಿಹಿ, ಇವನ್ನು ಅಳೆಯುವುದೇ ನನ್ನ ಉದ್ಯೋಗವಾಗಿತ್ತು.

ಮಂಡ್ಯ ಪ್ರತ್ಯೇಕ ಜಿಲ್ಲೆಯಾದದ್ದು ೧೯೩೯ರಲ್ಲಿ. ನಾನು ಹೊಸ ತಳಿಗಳ ಪರೀಕ್ಷೆಗೆ ಸಹಾಯಕನಾಗಿ ಹನಕೆರೆಗೆ ಬಂದದ್ದು ಅದರ ಮರುವರ್ಷ, ವಿಕ್ರಮ ಸಂವತ್ಸರದಲ್ಲಿ. ನಾನು ಇಸವಿಯನ್ನು ಸಂವತ್ಸರಕ್ಕೆ ಒರೆಹಚ್ಚಿ ನೋಡದೆ ಬರೆಯುವವನಲ್ಲ. ಆ ಸೀಮೆಯವರ ನೆನಪು ನಿಲ್ಲುತ್ತಿದ್ದದ್ದು ಸಂವತ್ಸರದ ಹೆಸರಿನ ಮೇಲೆ, ನನ್ನದು ಇಸವಿಯ ಅಂಕಿಯ ಮೇಲೆ. ಎರಡೂ ಹೊಂದಿದಾಗ ಮಾತ್ರ ನಾನು ಅದನ್ನು ನಂಬುತ್ತೇನೆ.

ರೈಲು ನಿಲ್ದಾಣದಿಂದ ಊರಿನ ಕಡೆ ಹೋಗುವ ದಾರಿಯಲ್ಲಿ ಒಂದು ಹೊಂಗೆಮರ, ಅದರ ಪಕ್ಕದಲ್ಲಿ ನನ್ನ ಒಂಟಿ ಕೋಣೆ. ತಂದೆತಾಯಿಗಳು ಆಗಲೇ ಇರಲಿಲ್ಲ. ಮದುವೆಯ ಮಾತೆತ್ತಬೇಕಾದ ಹಿರಿಯರಾರೂ ಉಳಿದಿರಲಿಲ್ಲವಾದ್ದರಿಂದ ಆ ಮಾತೂ ಎದ್ದಿರಲಿಲ್ಲ. ಬೆಳಿಗ್ಗೆ ಯಲಿಯೂರಿನ ಕಡೆಯ ಗದ್ದೆಗಳು, ಮಧ್ಯಾಹ್ನ ಹನಕೆರೆಯ ಬಯಲು, ಸಂಜೆ ಆಲೆಮನೆ. ಆಮೇಲೆ ಕೋಣೆಯಲ್ಲಿ ನನ್ನ ಒಲೆ, ನನ್ನ ಅನ್ನ. ಮೇಲಧಿಕಾರಿಗಳು ಒಂದು ನಿಯಮವನ್ನು ಬಾಯಿಮಾತಿನಲ್ಲಿ ಹೇಳಿ ಕಳಿಸಿದ್ದರು: ಯಾರ ಬೆಳೆಯನ್ನು ಅಳೆಯುತ್ತೀರೋ ಅವರ ಕೈಯಿಂದ ನೀರಿನ ಹೊರತು ಏನನ್ನೂ ತೆಗೆದುಕೊಳ್ಳಬೇಡಿ. ನಾನು ಅದನ್ನು ಅವರು ನಿರೀಕ್ಷಿಸಿದ್ದಕ್ಕಿಂತ ಹೆಚ್ಚು ನಿಷ್ಠೆಯಿಂದ ಪಾಲಿಸಿದೆ. ಆಲೆಮನೆಗೆ ಹೋಗಿ, ಗಾಜಿನ ಕೊಳವೆಯನ್ನು ಹಾಲಿಗೆ ಅದ್ದಿ, ಅಂಕಿಯನ್ನು ಓದಿ, ಕೊಳವೆ ತೊಳೆದು ಹೊರಟುಬರುತ್ತಿದ್ದೆ. ದಿನವೆಲ್ಲ ಸಿಹಿಯನ್ನು ಅಳೆದೂ ಅದರ ಒಂದು ಹನಿಯನ್ನು ನಾಲಗೆಗೆ ಸೋಕಿಸಿಕೊಳ್ಳದ ಮನುಷ್ಯನನ್ನು ಕಂಡು ಆ ಜನ ನಗುತ್ತಿದ್ದರು.

ಆ ಆಲೆಮನೆಯಲ್ಲಿ ಎತ್ತಿನ ಗಾಣದ ಬದಲು ಎಣ್ಣೆ ಎಂಜಿನ್ನೊಂದು ಕಬ್ಬು ಅರೆಯುತ್ತಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವನು ಮದ್ದೂರಿನ ಸಾಬರ ಹುಡುಗ. ಹುಡುಗ ಎಂಬುದು ಊರಿನವರ ಮಾತು, ವಯಸ್ಸಿನಲ್ಲಿ ನನಗಿಂತ ಒಂದೆರಡು ವರ್ಷ ಹಿರಿಯನೇ ಇದ್ದಿರಬೇಕು. ಸುಗ್ಗಿಯ ತಿಂಗಳುಗಳಲ್ಲಿ ಮದ್ದೂರಿನಿಂದ ಬೆಳಗಿನ ರೈಲಿಗೆ ಬಂದಿಳಿಯುವನು, ಹಿಂದೆ ಆ ನಾಯಿ. ಕಂದುಬಣ್ಣದ ಹೆಣ್ಣುನಾಯಿ, ಎಡಗಿವಿಯ ತುದಿ ಹರಿದಿತ್ತು. ಅದಕ್ಕೆ ಅವನು ಹೆಸರಿಟ್ಟಿರಲಿಲ್ಲ. ಎಣ್ಣೆಡಬ್ಬಿಯ ಮುಚ್ಚಳದ ಮೇಲೆ ತಿಂಡಿ ಇಟ್ಟು, ಸ್ಪ್ಯಾನರಿನಿಂದ ಮುಚ್ಚಳವನ್ನು ಎರಡು ಸಲ ತಟ್ಟಿ, ಹಿಂದೆ ಸರಿಯುತ್ತಿದ್ದ. ನಾಯಿ ಬಂದು ತಿನ್ನುತ್ತಿತ್ತು. ಅವರಿಬ್ಬರ ನಡುವೆ ಅದಕ್ಕಿಂತ ಹೆಚ್ಚಿನ ಮಾತು ಬೇಕಿರಲಿಲ್ಲ.

ನನ್ನೊಡನೆ ಮಾತ್ರ ಅವನು ಧಾರಾಳವಾಗಿ ಮಾತನಾಡುತ್ತಿದ್ದ. ಇಡೀ ಹನಕೆರೆಯಲ್ಲಿ ಸಂಜೆ ನನ್ನ ಕೋಣೆಯ ಜಗುಲಿಯ ಮೇಲೆ ಕುಳಿತು ಹೋಗುತ್ತಿದ್ದವನು ಅವನೊಬ್ಬನೇ.

ಅವನು ಯುದ್ಧಕ್ಕೆ ಹೊರಟ ದಿನವನ್ನು ನಾನು ಬಹುಕಾಲ ೧೯೪೧ಕ್ಕೆ ಸೇರಿಸಿಕೊಂಡಿದ್ದೆ. ಅದು ತಪ್ಪು. ಅಂದು ನಿಲ್ದಾಣದಲ್ಲಿ ಜನರ ಬಾಯಲ್ಲಿ ರಂಗೂನು ಬಿದ್ದ ಸುದ್ದಿಯಿತ್ತು, ಇನ್ನು ಬರ್ಮಾದ ಅಕ್ಕಿ ಬರುವುದಿಲ್ಲವೆಂದು ಮಾತನಾಡಿಕೊಳ್ಳುತ್ತಿದ್ದರು. ಬೇವಿನ ಹೂವೂ ಬಿಟ್ಟಿತ್ತು. ರಂಗೂನು ಬಿದ್ದದ್ದು ೧೯೪೨ರ ಮಾರ್ಚಿನಲ್ಲಿ. ಆ ವರ್ಷದ ಯುಗಾದಿಯೂ ಅದೇ ತಿಂಗಳು. ಆದ್ದರಿಂದ ವೃಷ ಸಂವತ್ಸರ ಮುಗಿದು ಚಿತ್ರಭಾನು ಹುಟ್ಟುವ ಆಸುಪಾಸು ಎಂದು ಬರೆಯುವುದೇ ಸರಿ. ಸೈನ್ಯಕ್ಕೆ ಲಾರಿ ರಿಪೇರಿಯವರು ಬೇಕಾಗಿದ್ದರು. ಅವನು ಒಂದು ತಗಡಿನ ಪೆಟ್ಟಿಗೆ ಹಿಡಿದು ಬಂದ; ನಾಯಿಯ ಕೊರಳಿಗೆ ಹಗ್ಗ ಕಟ್ಟಿತ್ತು. ಹಗ್ಗ ಕಟ್ಟಿದ್ದನ್ನು ನಾನು ಅದೇ ಮೊದಲು ನೋಡಿದ್ದು.

“ಸಾಮಿ, ಅಮ್ಮನ್ನ ಮಳವಳ್ಳೀಲಿ ಅಕ್ಕನ ಮನೇಗೆ ಬುಟ್‌ಬಂದೆ. ಇದ್ನ ಅಲ್ಲಿ ಒಳೀಕೆ ಸೇರ್ಸಕಿಲ್ಲ, ನಮಾಜ್ ಮಾಡೋ ಮನೆ. ನೀವಾದ್ರೆ ಒಬ್ರೇ ಇದೀರಿ.”

“ನನಗೆ ನಾಯಿ ಸಾಕಿ ಅಭ್ಯಾಸವಿಲ್ಲವಲ್ಲಯ್ಯ.”

“ಅದುಕ್ಕೆ ಸಾಕಿಸ್ಕಂಡು ಅಬ್ಯಾಸ ಅದೆ, ಬುಡಿ.” ನಕ್ಕ, ಆಮೇಲೆ ನಗು ನಿಲ್ಲಿಸಿ, “ಒಂದೇ ಒಂದು ಸಾಮಿ. ಬೆಲ್ಲ ಮಾತ್ರ ಕೊಡ್‌ಬ್ಯಾಡಿ. ಇದುರವ್ವ ಈ ಆಲೆಮನೆ ಬೆಲ್ಲ ತಿಂದ್ ತಿಂದೇ ಅಲ್ಲು ಉದ್ರಿ, ಮೈಯೆಲ್ಲ ಕಜ್ಜಿಯಾಗಿ ಸತ್ತೋಯ್ತು. ಇನ್ನೇನಾರ ಕೊಡಿ. ನಾ ಬರಗಂಟ ಇದು ಬದುಕಿರಬೇಕು, ಅಸ್ಟೆಯ.”

ನಾನು ಆಗಲಿ ಎಂದೆ. ರೈಲು ಮಂಡ್ಯದ ಕಡೆಗೆ ಹೊರಟಿತು. ನಾಯಿ ಅದರ ಹಿಂದೆ ಓಡಲಿಲ್ಲ. ಹಗ್ಗ ಬಿಗಿಯಾಗುವವರೆಗೆ ನಡೆದು, ನಿಂತು, ತಿರುಗಿ ನನ್ನ ಮುಖ ನೋಡಿತು.

ಮೊದಲ ದಿನಗಳಲ್ಲಿ ಅದು ನನ್ನ ಕೈಯಿಂದ ಏನನ್ನೂ ಮುಟ್ಟಲಿಲ್ಲ. ಅನ್ನ, ಮಜ್ಜಿಗೆ, ರಾಗಿಮುದ್ದೆ ಯಾವುದನ್ನು ಚಾಚಿದರೂ ಮೂಗು ಆ ಕಡೆ ತಿರುಗಿಸುತ್ತಿತ್ತು. ಹಗ್ಗ ಬಿಚ್ಚಿದೊಡನೆ ನೇರವಾಗಿ ಆಲೆಮನೆಗೆ ಹೋಗಿ ಎಂಜಿನ್ನಿನ ಪಕ್ಕದಲ್ಲಿ ಮಲಗುತ್ತಿತ್ತು. ಎಂಜಿನ್ನು ಆಗಲೇ ಮೌನವಾಗಿತ್ತು. ನಡೆಸುವವನಿರಲಿಲ್ಲ, ಎಣ್ಣೆಯೂ ಸಿಕ್ಕುತ್ತಿರಲಿಲ್ಲ. ಅದರ ಮೇಲೆ ಗೋಣಿ ಹೊದಿಸಿ, ಹಳೆಯ ಗಾಣವನ್ನು ಹೊರಗೆಳೆದು ಎತ್ತು ಕಟ್ಟಿದ್ದರು. ನಾಯಿ ಆ ಗೋಣಿಯ ನೆರಳಿನಲ್ಲಿ ಕಾದಿತ್ತು. ಕಾದಿದ್ದ ಬಾಯಿಗೆ ಆಲೆಮನೆಯವರು ಬಿಸಿಬೆಲ್ಲದ ಉಂಡೆ ಹಾಕುತ್ತಿದ್ದರು.

ಅವರು ಅದನ್ನು ಮಾಡಿದ್ದು ಅಲಕ್ಷ್ಯದಿಂದಲ್ಲ. ಆ ಸೀಮೆಯಲ್ಲಿ ಆಲೆಮನೆಯ ಅಂಗಳಕ್ಕೆ ಬಂದವರು ಯಾರೇ ಆಗಲಿ, ದಾರಿಹೋಕರಾಗಲಿ, ಹಗೆಯವರಾಗಲಿ, ಕಾಗೆನಾಯಿಗಳಾಗಲಿ, ಬರಿಬಾಯಲ್ಲಿ ಹಿಂದಿರುಗಬಾರದು. ಹಿಂದಿರುಗಿದರೆ ಕೊಪ್ಪರಿಗೆಯಲ್ಲಿ ಪಾಕ ಕಟ್ಟುವುದಿಲ್ಲ, ಅಚ್ಚಿಗೆ ಹೊಯ್ದ ಬೆಲ್ಲ ಜಿನುಗುತ್ತದೆ ಎಂಬುದು ಅವರ ನಂಬಿಕೆ.

ಆ ಸುಗ್ಗಿ ಕಳೆಯಿತು. ಮರು ಸುಗ್ಗಿಯ ಹೊತ್ತಿಗೆ, ಅಂದರೆ ಚಿತ್ರಭಾನುವಿನ ಚಳಿಗಾಲದಲ್ಲಿ, ನಾಯಿಯ ಬೆನ್ನಿನ ಕೂದಲು ಉದುರತೊಡಗಿತು. ಬಾಯಿ ತೆರೆಸಿ ನೋಡಿದರೆ ವಸಡುಗಳು ಕೆಂಪಾಗಿ, ಒಂದು ದವಡೆಹಲ್ಲು ಕಪ್ಪಾಗಿತ್ತು. ಹೊಟ್ಟೆ ಉಬ್ಬಿ, ಕಾಲುಗಳು ಸಣ್ಣಗಾಗಿದ್ದವು. ಅದರ ತಾಯಿಯ ದಾರಿಯನ್ನೇ ಅದು ಹಿಡಿದಿತ್ತು. ನಾನು ಆಗಲಿ ಎಂದು ಮಾತು ಕೊಟ್ಟ ಆ ನಿಲ್ದಾಣ ನನ್ನ ಕೋಣೆಯ ಬಾಗಿಲಿಂದ ಕಾಣುತ್ತಿತ್ತು.

ಒಂದು ಬೆಳಿಗ್ಗೆ ನಾಯಿಯನ್ನು ಹೊಂಗೆಮರಕ್ಕೆ ಕಟ್ಟಿಹಾಕಿದೆ. ದಿನವಿಡೀ ಬಿಡಲಿಲ್ಲ. ಮರುದಿನವೂ ಬಿಡಲಿಲ್ಲ. ಆ ಮರುದಿನದ ಸಂಜೆ ಆಲೆಮನೆಯ ಯಜಮಾನಿ ನನ್ನ ಬಾಗಿಲಿಗೆ ಬಂದಳು. ಗಂಡ ಸತ್ತ ಮೇಲೆ ತಾನೇ ಕೊಪ್ಪರಿಗೆಯ ಮುಂದೆ ನಿಂತು ಪಾಕದ ಹದ ನೋಡುತ್ತಿದ್ದ ಮುದುಕಿ. ಮಕ್ಕಳು ಮೊಮ್ಮಕ್ಕಳಿದ್ದರೂ ಹದದ ವಿಷಯದಲ್ಲಿ ಯಾರನ್ನೂ ನಂಬುತ್ತಿರಲಿಲ್ಲ. ಕೈಯಲ್ಲಿ ಒಂದು ಅಚ್ಚು ಬೆಲ್ಲ. ಅದನ್ನು ನನ್ನ ಜಗುಲಿಯ ಮೇಲಿಟ್ಟು ಬೆರಳಿನಿಂದ ಒತ್ತಿದಳು. ಬೆರಳು ಒಳಗೆ ಹೋಯಿತು.

“ನೋಡಿ ಸಾಮಿ. ಸಗಣಿ ತರ ಅದೆ. ಎಲ್ಡ್ ಕೊಪ್ಪರಿಗೆ ಇಂಗೇ ಆಯ್ತು.”

“ಅದಕ್ಕೆ ನಾನೇನು ಮಾಡಲಮ್ಮ?”

“ಬುಡಿ ನಾಯ್ನ.”

“ನಾಯಿಗೂ ಪಾಕಕ್ಕೂ ಏನು ಸಂಬಂಧ?”

“ದಿನಾ ಬರೋ ಬಾಯಿ ಬರ್‌ಲಿಲ್ಲ ಅಂದ್ರೆ ಎಂಗೆ ಕಟ್ಟಾತು? ನೀವ್ ಓದ್ದೋರು, ಗಾಜಿನ್ ಕಡ್ಡಿ ಅದ್ದಿ ಏಳ್ತೀರಿ. ನಾನು ಕಡ್ಡಿ ಅದ್ದಕಿಲ್ಲ. ಬಾಯಿ ಎಣ್ಸ್‌ತೀನಿ.”

ಆ ಬೆಲ್ಲ ಜಿನುಗಿದ್ದಕ್ಕೆ ಕಾರಣ ನನಗೆ ಗೊತ್ತಿತ್ತು. ಆ ಎರಡು ದಿನ ಅರೆದದ್ದು ಮಲಗಿಬಿದ್ದು ಬಲಿತು ಹುಳಿಯಾಗಿದ್ದ ಕಬ್ಬು. ಅದರ ಹಾಲನ್ನು ಹಿಂದಿನ ವಾರವೇ ಪರೀಕ್ಷಿಸಿದ್ದೆ. ಹೇಳಿದೆ ಕೂಡ. ಅವಳು ತಾಳ್ಮೆಯಿಂದ ಕೇಳಿದಳು.

“ಆಯ್ತು. ಕಬ್ಬೂ ಸರೀಗಿಲ್ಲ, ಬಾಯೂ ಬರ್‌ಲಿಲ್ಲ. ಎಲ್ಡೂ ಸೇರ್‌ಕಂಡ್ವು. ಕಬ್ಬ ನಾ ತಿದ್ದಕಾಗಕಿಲ್ಲ. ನಾಯ್ನ ನೀವ್ ಬುಡಬೌದು.”

ನಾನು ನಾಯಿಯ ಬಾಯಿ ತೆರೆದು ಆ ಕಪ್ಪು ಹಲ್ಲನ್ನು ತೋರಿಸಿದೆ. ಬೆನ್ನ ಮೇಲಿನ ಬೋಳು ತೇಪೆಗಳನ್ನು ತೋರಿಸಿದೆ. ಅದರ ತಾಯಿ ಸತ್ತ ಬಗೆಯನ್ನು ಅವಳೂ ಕಂಡಿದ್ದಳು. ಅವಳು ಕುಕ್ಕರಗಾಲಿನಲ್ಲಿ ಕುಳಿತು ಬಹಳ ಹೊತ್ತು ನಾಯಿಯ ಹಲ್ಲನ್ನೇ ನೋಡಿದಳು.

“ಬೆಲ್ಲವೇ ಆಗ್‌ಬೇಕು ಅಂತ ಯಾರಂದ್ರು?” ಎಂದಳು ಕೊನೆಗೆ. “ಬಾಯ್ಗೆ ಏನಾರ ಬಿದ್ರಾಯ್ತು. ಬರಿಬಾಯಾಗ್‌ಬಾರ್ದು, ಅಸ್ಟೆ. ನೀವೇ ಏನಾರ ಮಾಡ್ಕಂಡ್ ಬನ್ನಿ. ನಮ್ ಕೈಲಿ ಆಕ್‌ತೀವಿ.”

ಎದ್ದು ಹೊರಟವಳು ತಿರುಗಿ, “ಮಾಡ್ಕಂಬರ್‌ತೀರ ತಾನೆ? ನಿಮ್‌ಗೋ ಒಲೆ ಊದಕೇ ಸರ್‌ಯಾಗ್ ಬರಕಿಲ್ಲ,” ಎಂದಳು.

ಹೀಗೆ ನಾನು, ಜಲ್ಲೆಗೆಷ್ಟು ಸಿಹಿ ಎಂದು ಲೆಕ್ಕ ಹಾಕಲು ಸಂಬಳ ಪಡೆಯುತ್ತಿದ್ದವನು, ಸಿಹಿಯಿಲ್ಲದ ಒಂದು ತಿನಿಸನ್ನು, ಬಿಸಿಬೆಲ್ಲದ ಎದುರು ನಿಂತು ಗೆಲ್ಲಬಲ್ಲ ತಿನಿಸನ್ನು ಹುಡುಕತೊಡಗಿದೆ.

ಮುದ್ದೆಯ ತುಣುಕು ಗೆಲ್ಲಲಿಲ್ಲ. ಮುದ್ದೆ ಊಟ, ಊಟವನ್ನು ಯಾರೂ ಆಸೆಯಿಂದ ಕಾಯುವುದಿಲ್ಲ. ಕಾಯುವಂಥದ್ದು ಚಿಕ್ಕದಾಗಿರಬೇಕು, ಗಟ್ಟಿಯಾಗಿರಬೇಕು, ಕಚ್ಚಿಕೊಂಡು ಒಂದು ಮೂಲೆಗೆ ಹೋಗಿ ಕಾಲುಗಳ ನಡುವೆ ಹಿಡಿದು ಕಡಿಯುವಂತಿರಬೇಕು. ಹುರಿದ ಕಡಲೆಕಾಯಿ ಕೊಟ್ಟೆ. ಅಗಿಯದೆ ನುಂಗಿ ಕೆಮ್ಮಿತು. ಕೊಬ್ಬರಿ ತಿಂದಿತು, ಆದರೆ ಹೊಟ್ಟೆ ಕೆಟ್ಟಿತು. ಕೊನೆಗೆ ಹುರುಳಿಗೆ ಬಂದೆ. ಹುರುಳಿಯನ್ನು ಉಪ್ಪು ಹಾಕದೆ ಮೆತ್ತಗೆ ಬೇಯಿಸಿ, ಅರೆದು, ಅದರ ಕಟ್ಟಿನಲ್ಲೇ ರಾಗಿಹಿಟ್ಟನ್ನು ಕಲಸಿ, ಹಳದಿಗುಂಬಳದ ಬೆಂದ ತಿರುಳು ಸೇರಿಸಿ, ರೂಪಾಯಿಯ ಅಗಲದ ಬಿಲ್ಲೆಗಳಾಗಿ ತಟ್ಟಿ ಹೆಂಚಿನ ಮೇಲೆ ಸಣ್ಣ ಉರಿಯಲ್ಲಿ ಎರಡೂ ಕಡೆ ಸುಟ್ಟೆ. ಬಿಸಿಲಿಗೆ ಒಣಗಿಸಿದ ಮೇಲೆ ಅವು ಹಲಗೆಯ ಚೂರಿನಂತೆ ಗಟ್ಟಿಯಾದವು. ನಾಯಿ ಒಂದನ್ನು ಬಾಯಲ್ಲಿ ಹಿಡಿದು, ಯೋಚಿಸಿ, ನೆಲದ ಮೇಲಿಟ್ಟು ಹೋಯಿತು. ಗಟ್ಟಿತನ ಒಪ್ಪಿಗೆಯಾಗಿತ್ತು, ವಾಸನೆ ಸಾಲದು.

ಯಾವ ವಾಸನೆ ಸಾಲುತ್ತದೆಂದು ನನಗೆ ಗೊತ್ತಿರಲಿಲ್ಲವೆಂದಲ್ಲ. ಎಂಜಿನ್ನಿನ ಹುಡುಗ ಮುಚ್ಚಳದ ಮೇಲೆ ಏನಿಡುತ್ತಿದ್ದನೆಂದು ನೋಡಿದ್ದೆ. ಆದರೆ ನಾನು ಹುಟ್ಟಿದ ಮನೆಯಲ್ಲಿ ಮೊಟ್ಟೆಯನ್ನೂ ಮುಟ್ಟುತ್ತಿರಲಿಲ್ಲ. ಕೆಲವು ದಿನ ಹಿಂದೆಮುಂದೆ ನೋಡಿದೆ. ಆಮೇಲೊಂದು ಮಂಗಳವಾರ ಮದ್ದೂರಿನ ಸಂತೆಗೆ ಹೋಗಿ, ಯಾರೂ ನೋಡುತ್ತಿಲ್ಲವೆಂದುಕೊಂಡು, ಒಣಮೀನು ಕೊಂಡು ಕಾಗದದಲ್ಲಿ ಸುತ್ತಿ, ಮೇಲೆ ಬಟ್ಟೆ ಸುತ್ತಿ, ರೈಲು ಹತ್ತಿದೆ. ವಾಸನೆ ಬಟ್ಟೆಯ ಮಾತು ಕೇಳಲಿಲ್ಲ. ಎದುರು ಕುಳಿತಿದ್ದ ರೈತನೊಬ್ಬ ಮೂಗೇರಿಸಿ, ನನ್ನ ಗಂಟನ್ನೂ ನನ್ನ ಮುಖವನ್ನೂ ನೋಡಿದ.

“ಏನ್ ಸಾಮಿ, ಬುಟ್‌ಬುಟ್ರಾ ಜಾತಿಯ?”

“ನಾಯಿಗೆ ಕಣಯ್ಯ.”

“ಊಂ. ಎಲ್ರೂ ಮೊದ್‌ಲು ಅಂಗೇ ಅನ್ನದು.” ಪಕ್ಕದವನಿಗೆ ಮೊಣಕೈ ತಿವಿದ. “ನಮ್ಮೂರ್ ಸಾನುಬೋಗ್ರೂ ಬೆಕ್ಕಿಗೆ ಅಂತ್ಲೇ ಸುರು ಮಾಡಿದ್ದು ಕಣ್ಲಾ!”

ರೈಲುಡಬ್ಬಿಯೆಲ್ಲ ನಕ್ಕಿತು. ನನಗೂ ನಗು ಬಂತು. ಅಂದು ಹಾಗೆ ನಾಲ್ಕು ಜನರ ಜೊತೆ ನಕ್ಕು ಎಷ್ಟು ಕಾಲವಾಗಿತ್ತೆಂಬುದು ಹನಕೆರೆಯಲ್ಲಿ ಇಳಿದು ಒಬ್ಬನೇ ಕೋಣೆಯ ಕಡೆ ನಡೆಯುವಾಗ ತಿಳಿಯಿತು.

ನನ್ನ ಅಡುಗೆಯ ಒಲೆಗೆ ಅದನ್ನು ತರಲಾಗಲಿಲ್ಲ. ಹೊಂಗೆಮರದ ಕೆಳಗೆ ಮೂರು ಕಲ್ಲು ಹೂಡಿ, ಹಳೆಯ ಹೆಂಚೊಂದನ್ನು ಅದಕ್ಕೇ ಮೀಸಲಿಟ್ಟೆ. ಮೀನಿನ ಉಪ್ಪು ಹೋಗುವಂತೆ ಮೂರು ನೀರಿನಲ್ಲಿ ತೊಳೆದು, ಮತ್ತೆ ಒಣಗಿಸಿ, ಮುಳ್ಳು ಚುಚ್ಚದಂತೆ ನುಣ್ಣಗೆ ಕುಟ್ಟಿ ಜರಡಿ ಹಿಡಿದು, ಹಿಟ್ಟಿಗೆ ಒಂದು ಚಿಟಿಕೆ ಬೆರೆಸಿದೆ. ಸುಡುತ್ತಿರುವಾಗಲೇ ನಾಯಿ ಎದ್ದು ಕುಳಿತಿತು. ಆದರೂ ಕೈ ಚಾಚಿದಾಗ ಬರಲಿಲ್ಲ. ಅದು ನನ್ನ ಕೈಯನ್ನೂ, ಹೆಂಚನ್ನೂ, ನಿಲ್ದಾಣದ ದಿಕ್ಕನ್ನೂ ಒಂದಾದ ಮೇಲೊಂದು ನೋಡಿತು. ಆಗ ನನಗೆ ಹೊಳೆಯಿತು. ಸೀಮೆಎಣ್ಣೆ ಡಬ್ಬಿಯ ಮುಚ್ಚಳ ತಂದು, ಬಿಲ್ಲೆಯನ್ನು ಅದರ ಮೇಲಿಟ್ಟು, ಬೀಗದ ಕೈಯಿಂದ ಎರಡು ಸಲ ತಟ್ಟಿ, ಹಿಂದೆ ಸರಿದೆ.

ಅದು ಬಂತು. ಬಿಲ್ಲೆಯನ್ನು ಎತ್ತಿಕೊಂಡು ನನ್ನ ಹೊಸ್ತಿಲ ಮೂಲೆಗೆ ಹೋಗಿ, ಮುಂಗಾಲುಗಳ ನಡುವೆ ನಿಲ್ಲಿಸಿಕೊಂಡು, ಕಣ್ಣು ಅರೆಮುಚ್ಚಿ ಕಡಿಯತೊಡಗಿತು. ಕಟಕಟ ಎಂಬ ಆ ಸಣ್ಣ ಸದ್ದು ನನ್ನ ಕೋಣೆಯಲ್ಲಿ ನನ್ನದಲ್ಲದ ಮೊದಲನೆಯ ಸದ್ದು.

ಅಂದಿನಿಂದ ಬಿಲ್ಲೆಗಳ ಒಂದು ಮಡಕೆ ಆಲೆಮನೆಯ ಬಾಗಿಲಲ್ಲಿ, ಇನ್ನೊಂದು ನನ್ನ ಕೋಣೆಯಲ್ಲಿ. ಮುದುಕಿ ತನ್ನ ಮಡಕೆಯಿಂದ ಒಂದನ್ನು ತೆಗೆದು, ನನ್ನ ಮಾತಿನಂತೆ ಮುಚ್ಚಳ ತಟ್ಟುವಾಗ, “ಗಂಟೆ ಒಡ್ದು ನೈವೇದ್ಯ! ನಮ್ಮಾವ್ನಿಗೂ ಇಂಗೆ ಇಕ್ಕಿಲ್ಲ ಕಣಮ್ಮ ನಾನು,” ಎಂದು ಸೊಸೆಯನ್ನು ನಗಿಸುತ್ತಿದ್ದಳು. ಬೆಲ್ಲ ಮತ್ತೆ ಕಟ್ಟಿತು. ಒಳ್ಳೆಯ ಗದ್ದೆಯ ಕಬ್ಬು ಗಾಣಕ್ಕೆ ಬಂದಿತ್ತೆಂದು ನಾನು ಹೇಳಲಿಲ್ಲ.

ಪಡಿತರ ಬಂದ ಮೇಲೆ ಕಷ್ಟವಾಯಿತು. ಸ್ವಭಾನು, ತಾರಣ, ಈ ಎರಡು ಸಂವತ್ಸರಗಳಲ್ಲಿ ರಾಗಿಗೆ ಜನ ಸಾಲು ನಿಲ್ಲುವಾಗ ನಾಯಿಯ ತಿನಿಸಿಗೆ ರಾಗಿ ತಟ್ಟುವುದು ಕಣ್ಣಿಗೆ ಚೆನ್ನಾಗಿರಲಿಲ್ಲ. ಹಿಟ್ಟನ್ನು ಕಡಿಮೆ ಮಾಡಿ ಜರಡಿಯಲ್ಲಿ ಉಳಿದ ತೌಡನ್ನು ಹೆಚ್ಚಿಸಿದೆ. ಹುರುಳಿ ಸಾರು ನನಗೆ, ಬಸಿದು ಉಳಿದ ಹುರುಳಿ ಬಿಲ್ಲೆಗೆ. ನುಗ್ಗೆಸೊಪ್ಪನ್ನು ಒಣಗಿಸಿ ಪುಡಿಮಾಡಿ ಸೇರಿಸಿದೆ. ಬೆಲ್ಲ ನಿಂತು, ಬಿಲ್ಲೆ ನಡೆದು, ಬೆನ್ನ ಮೇಲೆ ಕೂದಲು ತಿರುಗಿ ಬಂತು. ಕಪ್ಪು ಹಲ್ಲು ಬಿದ್ದುಹೋಯಿತು, ಉಳಿದವು ಉಳಿದವು. ಬಸರಾಳಿನ ಕಡೆ ಕೆಲಸವಿದ್ದು ಎರಡು ದಿನ ಹೊರಗಿದ್ದು ಬಂದರೆ, ದಾರಿಯ ತಿರುವಿನಲ್ಲೇ ಎದುರಾಗುತ್ತಿತ್ತು. ರಾತ್ರಿಯ ಊಟದ ಹೊತ್ತಿಗೆ ನಾನು ಅದರೊಡನೆ ಮಾತನಾಡುತ್ತಿದ್ದೆ. ಏನು ಮಾತನಾಡುತ್ತಿದ್ದೆನೆಂಬುದಕ್ಕೆ ಯಾವ ಆಧಾರವೂ ಉಳಿದಿಲ್ಲವಾದ್ದರಿಂದ ಬರೆಯುವುದಿಲ್ಲ.

ಒಂದು ಸಂಗತಿಯನ್ನು ಮಾತ್ರ ಬರೆಯಬಹುದು. ಯುದ್ಧ ಮುಗಿದ ಸುದ್ದಿ ೧೯೪೫ರ ಆಗಸ್ಟ್‌ನಲ್ಲಿ ಬಂದಾಗ ನಿಲ್ದಾಣದಲ್ಲಿದ್ದವರೆಲ್ಲ ಸಂತೋಷಪಟ್ಟರು. ನಾನೂ ಪಟ್ಟೆ. ಅಂದು ಸಂಜೆ ಬಿಲ್ಲೆ ಸುಡಲು ಕುಳಿತಾಗ ಅವನು ಬರುತ್ತಾನೆ ಎಂಬ ಮಾತು ನೆಟ್ಟಗೆ ಮನಸ್ಸಿಗೆ ಬಂತು. ಹೆಂಚಿನ ಮೇಲಿದ್ದವು ಸೀದುಹೋದವು.

ಅವನು ಹಿಂದಿರುಗಿದ್ದು ಅದೇ ವರ್ಷದ ಕೊನೆಯಲ್ಲಿ ಎಂದು ನಾನು ನಂಬಿದ್ದೆ. ಆದರೆ ಅವನು ಬಂದಾಗ ಆಲೆಮನೆಯ ಹಿಂದೆ ಹುಣಸೆ ಬಡಿಯುತ್ತಿದ್ದರು. ಹಣ್ಣು ಉದುರಿದ ಸದ್ದಿಗೆ ಅವನು ಬೆಚ್ಚಿಬಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಹುಣಸೆ ಬಡಿಯುವುದು ಶಿವರಾತ್ರಿಯ ಆಸುಪಾಸಿನಲ್ಲಿ. ಆದ್ದರಿಂದ ಅದು ಪಾರ್ಥಿವದ ಕೊನೆ, ೧೯೪೬. ಮೈ ಇಳಿದಿತ್ತು, ಖಾಕಿಯ ಬಣ್ಣ ಮಾಸಿತ್ತು, ಮುಂದಿನ ಎರಡು ಹಲ್ಲು ಇರಲಿಲ್ಲ.

ನಾಯಿ ಜಗುಲಿಯ ಮೇಲಿತ್ತು. ಅದಕ್ಕೂ ವಯಸ್ಸಾಗಿ ಮೂತಿ ನರೆತಿತ್ತು. ಅವನನ್ನು ನೋಡಿ ಒಂದು ಸಲ ಬೊಗಳಿ, ಬಂದು ಬೂಟು ಮೂಸಿ, ಹಿಂದೆ ಹೋಗಿ ನನ್ನ ಕಾಲ ಬಳಿ ಮಲಗಿತು.

“ಗುರ್ತು ಸಿಗ್ನಿಲ್ಲ ಇದುಕ್ಕೆ,” ಎಂದ ಅವನು. ನಗಲು ನೋಡಿದ. “ಓಗ್ಲಿ ಬುಡಿ. ಬದ್ಕದಲ್ಲ.” ನಾಯಿಯ ತುಟಿ ಎತ್ತಿ ಹಲ್ಲು ನೋಡಿದ, ಅದು ಸುಮ್ಮನಿತ್ತು. “ಅಲ್ಲು ಅವೆ! ನನ್ಗಿಂತ ಜಾಸ್ತಿ ಅವೆ ಕಣ್ ಸಾಮಿ. ಏನಾಕುದ್ರಿ?”

ನಾನು ಬಿಲ್ಲೆಯೊಂದನ್ನು ಕೊಟ್ಟೆ. ಅವನು ಮೂಸಿ, ಕಚ್ಚಿ ನೋಡಿ, ಅಗಿಯಲಾರದೆ ಕೈಗೆ ತೆಗೆದುಕೊಂಡು, “ಮೀನು!” ಎಂದು ಕಣ್ಣರಳಿಸಿ ನನ್ನನ್ನು ನೋಡಿದ. ಅಷ್ಟು ದೊಡ್ಡ ಬಹುಮಾನ ನನಗೆ ಯಾವ ಸಂಸ್ಥೆಯಿಂದಲೂ ಮುಂದೆ ಸಿಗಲಿಲ್ಲ.

ನಾಯಿಯನ್ನು ನನ್ನ ಬಳಿಯೇ ಬಿಟ್ಟು ಹೋಗುವುದಾಗಿ ಅವನೇ ಹೇಳಿದ. ಗುರುತು ಮರೆತದ್ದನ್ನು ಎಳೆದುಕೊಂಡು ಹೋಗುವುದು ಬೇಡವೆಂದ. ನಾನು ಬೇಡವೆನ್ನಲಿಲ್ಲ. ಆ ರಾತ್ರಿ ಆಲೆಮನೆಯಲ್ಲಿ ಮಲಗಿದ. ಮಂಡ್ಯದಲ್ಲಿ ಬಸ್ಸು ರಿಪೇರಿಯ ಕೆಲಸ ಗೊತ್ತಾಗಿತ್ತು, ಮರುದಿನ ಹೊರಡುವವನಿದ್ದ. ನಾನು ಬಹುಕಾಲದ ಮೇಲೆ ನೆಮ್ಮದಿಯಾಗಿ ನಿದ್ದೆ ಮಾಡಿದೆ.

ಬೆಳಿಗ್ಗೆ ಮುಚ್ಚಳ ತಟ್ಟಿ ಬಿಲ್ಲೆ ಇಟ್ಟೆ. ನಾಯಿ ಎಂದಿನಂತೆ ಹೊಸ್ತಿಲ ಮೂಲೆಗೆ ಒಯ್ದು ಕಡಿಯುತ್ತಿತ್ತು. ಆಗ ಆಲೆಮನೆಯ ಕಡೆಯಿಂದ ಒಂದು ಸದ್ದು ಬಂತು. ಒಮ್ಮೆ ಕೆಮ್ಮಿದಂತೆ, ತಡೆದಂತೆ, ಮತ್ತೆ ಕೆಮ್ಮಿದಂತೆ. ಆಮೇಲೆ ಟುಕ್ ಟುಕ್ ಟುಕ್ ಎಂದು ಹಿಡಿದುಕೊಂಡಿತು. ಅವನು ಹೊರಡುವ ಮೊದಲು ಎಲ್ಲಿಂದಲೋ ಎಣ್ಣೆ ತಂದು, ಗೋಣಿ ಸರಿಸಿ, ಎಂಜಿನ್ನನ್ನು ಎಬ್ಬಿಸಿದ್ದ.

ನಾಯಿ ಕಡಿಯುವುದನ್ನು ನಿಲ್ಲಿಸಿತು. ಹರಿದ ಕಿವಿಯೂ ನೆಟ್ಟಗಾಯಿತು. ಆ ವಯಸ್ಸಿನ ನಾಯಿ ಹಾಗೆ ಓಡಬಲ್ಲದೆಂದು ನನಗೆ ಗೊತ್ತಿರಲಿಲ್ಲ. ನಾನು ಜಗುಲಿಗೆ ಬರುವಷ್ಟರಲ್ಲಿ ಅದು ದಾರಿಯ ತಿರುವನ್ನು ದಾಟಿತ್ತು. ಬಿಲ್ಲೆ ಹೊಸ್ತಿಲ ಮೇಲೆ ಅರ್ಧ ಕಡಿದಂತೆ ಇತ್ತು, ಒದ್ದೆಯಾಗಿ.

ನಾನು ಆಲೆಮನೆಗೆ ಹೋದಾಗ ಅವನು ನೆಲದಲ್ಲಿ ಕುಳಿತಿದ್ದ, ನಾಯಿ ಅವನ ಮೇಲೆಲ್ಲ ಇತ್ತು. ಕೈತುಂಬ ಎಣ್ಣೆ, ಮೈತುಂಬ ಎಣ್ಣೆ. ಅವನು ಅಳುತ್ತಿದ್ದನೋ ನಗುತ್ತಿದ್ದನೋ ಎಂಜಿನ್ನಿನ ಸದ್ದಿನಲ್ಲಿ ತಿಳಿಯಲಿಲ್ಲ. ನಾನು ಕೋಣೆಗೆ ಹಿಂದಿರುಗಿ, ಇದ್ದ ಬಿಲ್ಲೆಗಳನ್ನೆಲ್ಲ ಒಂದು ತಗಡಿನ ಡಬ್ಬಿಗೆ ತುಂಬಿದೆ. ನಿಲ್ದಾಣದಲ್ಲಿ ಅವನಿಗೆ ಬಿಲ್ಲೆ ಮಾಡುವ ಬಗೆಯನ್ನು ಹೇಳಿದೆ: ಉಪ್ಪು ಬೇಡ, ಮೀನನ್ನು ಮೂರು ನೀರಿನಲ್ಲಿ ತೊಳೆಯಬೇಕು, ಮುಳ್ಳು ಉಳಿಯಬಾರದು. ಅವನು ಪ್ರತಿಯೊಂದಕ್ಕೂ ತಲೆಯಾಡಿಸಿದ. ಈ ಸಲ ನಾಯಿಯ ಕೊರಳಿಗೆ ಹಗ್ಗ ಬೇಕಾಗಲಿಲ್ಲ.

ಮಳೆಗಾಲದಲ್ಲೊಮ್ಮೆ ಮಂಡ್ಯದಲ್ಲಿ ಅವರಿಬ್ಬರನ್ನು ಕಂಡೆ. ಜೇಬಿನಲ್ಲಿ ಬಿಲ್ಲೆಗಳಿದ್ದವು, ಕೋಣೆಯ ಮಡಕೆಗಾಗಿ ಸುಡುವುದನ್ನು ನಾನು ಆಗಿನ್ನೂ ನಿಲ್ಲಿಸಿರಲಿಲ್ಲ. ನಾಯಿ ಬಾಲ ಬಡಿಯಿತು, ಮುಚ್ಚಳವಿಲ್ಲದೆ ನನ್ನ ಕೈಯಿಂದಲೇ ಬಿಲ್ಲೆ ತೆಗೆದುಕೊಂಡಿತು, ಮತ್ತು ಅದನ್ನು ಬಾಯಲ್ಲಿ ಹಿಡಿದು ಬಸ್ಸಿನ ಕೆಳಗೆ ಚಾಚಿದ್ದ ಅವನ ಕಾಲುಗಳ ಪಕ್ಕಕ್ಕೆ ಹೋಗಿ ಕಡಿಯತೊಡಗಿತು. ಕೂದಲು ಹೊಳೆಯುತ್ತಿತ್ತು. ಅವನು ಬಸ್ಸಿನ ಕೆಳಗಿನಿಂದಲೇ ಕೂಗಿದ: “ಬೆಲ್ಲ ಕೊಟ್ಟಿಲ್ಲ ಸಾಮಿ! ಆಣೆಗೂ!” ನಾನು ಬೇರೆ ಕೆಲಸವಿದೆಯೆಂದು ಹೇಳಿ ನಿಲ್ದಾಣಕ್ಕೆ ನಡೆದೆ. ಕೆಲಸವಿರಲಿಲ್ಲ, ರೈಲಿಗೂ ಬಹಳ ಹೊತ್ತಿತ್ತು.

ಮುಂದಿನ ಸುಗ್ಗಿ ವ್ಯಯ ಸಂವತ್ಸರದ್ದು. ೧೯೪೭ರ ಮೊದಲ ತಿಂಗಳುಗಳು ಎಂಬುದರಲ್ಲಿ ಸಂದೇಹವಿಲ್ಲ, ಏಕೆಂದರೆ ಯುಗಾದಿಗೆ ಮೊದಲೇ ನನಗೆ ವರ್ಗವಾಯಿತು. ಆ ಗದ್ದೆಗಳ ಪರೀಕ್ಷೆಗಳೆಲ್ಲ ಹಿಂದಿನ ಸುಗ್ಗಿಗೇ ಮುಗಿದಿದ್ದವು; ನಾಯಿ ಹೋದಮೇಲೆ ನಾನು ಆಲೆಮನೆಗೆ ಕಾಲಿಟ್ಟಿರಲಿಲ್ಲ. ಕೊಳವೆಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಹೇಳಿ ಹೋಗೋಣವೆಂದು ಸಂಜೆ ಆಲೆಮನೆಗೆ ನಡೆದೆ. ಬಾಗಿಲಲ್ಲಿ ಬಿಲ್ಲೆಯ ಮಡಕೆ ಬರಿದಾಗಿ ಬೋರಲು ಬಿದ್ದಿತ್ತು. ಮುದುಕಿ ಕೊಪ್ಪರಿಗೆಯ ಮುಂದಿದ್ದಳು. ಮಾತನಾಡಿಸಿ, ಹೊರಡಲು ತಿರುಗಿದೆ.

“ನಿಲ್ಲಿ ಸಾಮಿ,” ಎಂದಳು. ಕಬ್ಬಿನ ಸೋಗೆಯ ಮೇಲೆ ಬಿಸಿಬೆಲ್ಲದ ಒಂದು ಮುದ್ದೆ ಇಟ್ಟು ತಂದಳು.

“ನಾನು ತೆಗೆದುಕೊಳ್ಳುವುದಿಲ್ಲವೆಂದು ನಿಮಗೆ ಗೊತ್ತಲ್ಲಮ್ಮ.”

“ಗೊತ್ತು ಕಣ್ ಬುಡಿ. ಬಂದಾಗಿಂದ ಗೊತ್ತು. ದಿನಾ ಬರೋರು, ದಿನಾ ಬರಿಬಾಯಲ್ಲಿ ಓಗೋರು. ಅಂಗಾರೆ ನಮ್ ಪಾಕ ಎಂಗ್ ಕಟ್‌ತಿತ್ತು ಅನ್ಕಂಡ್ರಿ?”

ನಾನು ಬಾಗಿಲಲ್ಲಿದ್ದ ಬರಿ ಮಡಕೆಯ ಕಡೆ ನೋಡಿದೆ.

“ನಿಮ್ ಪಾಲ್ನ ಆ ನಾಯಿಗಾಕ್‌ತಿದ್ದೆ. ಮೊದ್‌ಲು ಬೆಲ್ಲ, ಆಮೇಲೆ ನಿಮ್ ಬಿಲ್ಲೆ. ಅದ್ಕೇ ನೀವು ಕಟ್ಟಾಕ್‌ದಾಗ ನಾ ಓಡ್‌ಬಂದಿದ್ದು. ಎಲ್ಡ್ ಬಾಯಿ ಕಣ್ ಸಾಮಿ ಅದು, ಒಂದಲ್ಲ.” ಸೋಗೆಯನ್ನು ಇನ್ನಷ್ಟು ಮುಂದೆ ಚಾಚಿದಳು. “ಈಗ ನಾಯಿಲ್ಲ. ನಿಮ್ ಪಾಲ ಯಾರಿಗಾಕ್ಲಿ? ತಿನ್ನಿ.”

ಅವಳ ಹಿಂದೆ ಕೊಪ್ಪರಿಗೆಯಲ್ಲಿ ಪಾಕ ಕುದಿಯುತ್ತಿತ್ತು, ಸೊಸೆ ಅಚ್ಚುಗಳನ್ನು ಒದ್ದೆಮಾಡಿ ಸಾಲಾಗಿಡುತ್ತಿದ್ದಳು. ಆ ಗದ್ದೆಗಳ ಹಾಲಿನ ಸಿಹಿ ಎಷ್ಟೆಂದು ನನಗೆ ಅಂಕಿಯಲ್ಲಿ ಗೊತ್ತಿತ್ತು. ಬೆಲ್ಲವನ್ನು ಬಾಯಿಗೆ ಹಾಕಿಕೊಂಡೆ. ಬಿಸಿಗೆ ನಾಲಗೆ ಸುಟ್ಟಿತು. ನುಂಗುವವರೆಗೆ ಅವಳು ನನ್ನ ಬಾಯನ್ನೇ ನೋಡುತ್ತಿದ್ದು, ಆಮೇಲೆ ಹದ ನೋಡಲು ಕೊಪ್ಪರಿಗೆಯ ಕಡೆ ತಿರುಗಿಕೊಂಡಳು.